ಎದೆಮಟ್ಟ ತಗ್ಗಿದ ಊರು

ಬೀರನ ಮನೆ ನೀರಿನೊಳಗೆ ಹೋಗಿತ್ತು. ನಿಜವಾದ ನೀರಲ್ಲ, ನಕ್ಷೆಯ ನೀಲಿ ಬಣ್ಣದೊಳಗೆ.

೨೦೦೭ರ ಮಾತು. ಕಾನಸೂರಿನ ಹತ್ತಿರ ಹೊಳೆಗೊಂದು ಕಟ್ಟು ಹಾಕುವುದಿತ್ತು. ನೀರು ಎಲ್ಲಿಯವರೆಗೆ ನಿಂತೀತು ಎಂದು ತಿಳಿಯಲು ಲೈಡಾರ್ ಸರ್ವೆ ಮಾಡಿಸಿದ್ದರು. ಅಂದರೆ ವಿಮಾನದಿಂದ ಲೇಸರ್ ಬೆಳಕು ಬಿಡುವುದು, ಅದು ನೆಲಕ್ಕೆ ಬಡಿದು ವಾಪಸು ಬರುವ ಹೊತ್ತು ಹಿಡಿದು ನೆಲದ ಎತ್ತರ ಲೆಕ್ಕ ಹಾಕುವುದು. ನಕ್ಷೆ ಬಂತು. ಬೀರನ ಮನೆ ಮುಳುಗಡೆ! ಹೆಂಡತಿ ಗಂಗೆ ಆಗಲೇ ಎಮ್ಮೆಯನ್ನು ತವರಿಗೆ ಬಿಟ್ಟು ಬಂದಿದ್ದಳು.

"ಹೊಳೆ ಎಲ್ಲಿ, ನಮ್ಮನೆ ಎಲ್ಲಿ? ಯಾರೋ ದುಡ್ಡು ತಿಂದು ನಮ್ಮನೆ ತಗ್ಗಿಸಿದಾರೆ," ಎಂದು ದೂರು ಕೊಟ್ಟವಳೂ ಅವಳೇ.

ತನಿಖೆಗೆ ಬಂದವರು ಶಿರಸಿಯ ಶ್ರೀಲಕ್ಷ್ಮಿ ಹೆಗಡೆ. ಸರ್ವೆಯ ತಪ್ಪು ಹುಡುಕುವುದರಲ್ಲಿ ಪಳಗಿದ ಎಂಜಿನಿಯರ್. ನಾನು ಗೋವಿಂದ, ದಾಸನಕೊಪ್ಪದವನು, ಅವರ ಜೀಪಿನ ಡ್ರೈವರ್. ಅವರು ಪ್ರಶ್ನೆ ಕೇಳುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕೆಂದು ಅಪ್ಪಣೆ. ನನಗದು ಭಾರೀ ಕಷ್ಟ.

ಮೊದಲ ಅನುಮಾನ ಶಾಂತಾರಾಮ ಹೆಗಡೆಯವರ ಮೇಲೆ. ನೀಲಿ ಗೆರೆ ಅವರ ತೋಟದ ಬೇಲಿಯವರೆಗೆ ಬಂದು ನಿಂತುಬಿಟ್ಟಿತ್ತು.

"ಶಾಂತಾರಾಮಣ್ಣ, ನಿಂಗ್ಳ ತೋಟ ಮಾತ್ರ ಉಳದ್ದು. ಹೆಂಗೆ?" ಮೇಡಂ ಮನೆಮಾತು ಹವ್ಯಕದಲ್ಲೇ ಕೇಳಿದರು.

"ಎನ್ನ ತೋಟ ಎತ್ತರದಲ್ಲಿದ್ದು, ತಂಗಿ. ಹಾಂಗೆ ಹೇಳಿ ಬೀರನ ಮನೆ ಮುಳುಗಿಸ್ತ್ನಾ?"

ಎರಡನೆಯವನು ತುಷಾರ, ಸರ್ವೆ ನಡೆಸಿದ ಹುಡುಗ. ಊರವರ ಬಾಯಿಗೆ ಸಿಕ್ಕಿ ಸೊರಗಿಹೋಗಿದ್ದ.

"ವಿಮಾನ ಹಾರುವಾಗ ಕೆಳಗಿನ ಜಿಪಿಎಸ್ ಯಂತ್ರ ಎಲ್ಲಿತ್ತು?"

"ಬೀರಣ್ಣನ ಗದ್ದೆಯ ಅಂಚಿಗೆ, ಗುರುತಿನ ಕಲ್ಲಿನ ಮೇಲೆ ಮೇಡಂ. ಆ ಕಲ್ಲಿನ ಎತ್ತರ ನಮಗೆ ಗೊತ್ತು. ಅದನ್ನು ಹಿಡಿದೇ ವಿಮಾನದ ಎತ್ತರ ಲೆಕ್ಕ ಹಾಕೋದು."

"ಇಟ್ಟವರು?"

"ನಾನೇ. ನಸುಕಿಗೇ ಸ್ಟ್ಯಾಂಡ್ ನಿಲ್ಲಿಸಿ, ವಿಮಾನ ಹತ್ತಲಿಕ್ಕೆ ಹುಬ್ಬಳ್ಳಿಗೆ ಹೋದೆ. ಕಾಯಲಿಕ್ಕೆ, ಗುಂಡಿ ಒತ್ತಲಿಕ್ಕೆ ಬೀರಣ್ಣ ಇದ್ದ. ನಾನು ಯಾರ ದುಡ್ಡೂ ತಿಂದಿಲ್ಲ ಮೇಡಂ!"

"ತಿಂದವ್ರು ಯಾರರ ತಿಂದೇನಿ ಅಂತಾರೇನ್ರಿ?" ಎಂದುಬಿಟ್ಟೆ. ಮೇಡಂ ತಿರುಗಿ ನೋಡಿದರು.

ಆಮೇಲೆ ಅವರೇ ಅಳತೆಗೆ ಇಳಿದರು. ಬೀರನ ಹೊಸಿಲು, ಶಾಲೆಯ ಮೆಟ್ಟಿಲು, ಶಾಂತಾರಾಮರ ಅಂಗಳ — ಎಲ್ಲವೂ ನಕ್ಷೆಗಿಂತ ಎದೆಮಟ್ಟ ಎತ್ತರ!

"ದುಡ್ಡು ತಿಂದವನು ಒಂದು ಮನೆ ತಗ್ಗಿಸುತ್ತಾನೆ, ಗೋವಿಂದಣ್ಣ. ಇಲ್ಲಿ ಇಡೀ ಊರೇ ಒಂದೇ ಸಮ ತಗ್ಗಿದೆ. ತಪ್ಪು ಯಂತ್ರ ನಿಂತ ಜಾಗದಲ್ಲಿದೆ."

ವಿಮಾನದಿಂದ ತೆಗೆದ ಫೋಟೋಗಳನ್ನು ಜೀಪಿನ ಬಾನೆಟ್ ಮೇಲೆ ಹರಡಿದರು. ಗದ್ದೆ ಗದ್ದೆಯಲ್ಲೂ ಮನೆಮಂದಿಯೆಲ್ಲ ಬಾಳೆಲೆ ಮುಂದೆ ಕೂತಿದ್ದರು. ಒಬ್ಬರ ಕೈಯಲ್ಲೂ ಗುದ್ದಲಿ ಇಲ್ಲ. ನಾನೂ ನೋಡಿದೆ, ನನಗೇನೂ ಹೊಳೆಯಲಿಲ್ಲ. ಮೇಡಂ ನೇರ ಬೀರನ ಗದ್ದೆಗೆ ನಡೆದರು. ಗುರುತಿನ ಕಲ್ಲಿನ ಪಕ್ಕದಲ್ಲೇ ಒಂದು ಚಪ್ಪಟೆ ಬಂಡೆ. ಹತ್ತಿರ ನಿಂತು ನೋಡಿದರು. ಎದೆಮಟ್ಟ ಇತ್ತು.

ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ತುಷಾರನೂ ಬಂದ.

"ಬೀರಣ್ಣ, ವಿಮಾನ ಬಂದದ್ದು ಭೂಮಿ ಹುಣ್ಣಿಮೆ ದಿನ. ಅಲ್ಲವಾ?"

ಬೀರ ನೆಲ ನೋಡಿದ.

"ಸ್ಟ್ಯಾಂಡಿನ ಮೂರು ಕಾಲಿಗೂ ಕಬ್ಬಿಣದ ಮೊನೆ. ತುಷಾರ ಅದನ್ನು ನೆಲಕ್ಕೆ ಚುಚ್ಚಿ ಹೋದ. ಅವನು ಅತ್ತ ಹೋಗುತ್ತಲೇ ನೀನು ಕಿತ್ತು ಬಂಡೆ ಮೇಲಿಟ್ಟೆ. ಹೌದೋ ಅಲ್ಲವೋ?"

"ಭೂಮ್ತಾಯಿ ಬಸ್ರಿ ಅಮ್ಮಾ," ಎಂದ ಬೀರ. "ಬಯಕೆ ಬಡಿಸೂ ದಿನ ಅವ್ಳ ಹೊಟ್ಟೆಗೆ ಕಬ್ಬಿಣ ಚುಚ್ಚೂಕೆ ಆಗ್ತದಾ? ಸಂಜೆ ಪೆಟ್ಟಿಗೆಗೆ ಹಾಕಿ ಕೊಟ್ಟೆ. ಹೇಳಿರೆ ಬೈತಾರೆ ಅಂತ ಸುಮ್ನಾದೆ."

"ಯಂತ್ರ ಬಂಡೆ ಮೇಲಿತ್ತು, ಲೆಕ್ಕ ಕೆಳಗಿನ ಗುರುತಿನ ಕಲ್ಲಿನ ಮೇಲಿಂದ ಹಾಕಿದರು. ಹಾಗಾಗಿ ವಿಮಾನ ಇದ್ದದ್ದಕ್ಕಿಂತ ಎದೆಮಟ್ಟ ಕೆಳಗಿದೆ ಅಂತಾಯಿತು. ಅದರ ಜೊತೆಗೆ ಊರೂ ತಗ್ಗಿತು. ನಿನ್ನ ಮನೆ ಮುಳುಗಿಸಿದವನು ನೀನೇ, ಬೀರಣ್ಣ."

ತುಷಾರ ಉಸ್ಸೆಂದು ಗದ್ದೆಯ ಬದುವಿನ ಮೇಲೆ ಕೂತುಬಿಟ್ಟ.

"ಅಯ್ಯೋ ದೇವ್ರೇ... ಅದಕ್ಕೂ ಇದಕ್ಕೂ ಸಂಬಂಧ ಅಂತ ನಂಗೆಲ್ಲಿ ಗೊತ್ತು?" ಎಂದ ಬೀರ.

ಗಂಗೆ ಗಂಡನನ್ನು ನೋಡಲೇ ಇಲ್ಲ. "ಹಂಗಾರೆ ಅಮ್ಮಾ, ನಾವು ಎಲ್ಲೂ ಹೋಗೂದು ಬ್ಯಾಡವಾ?"

"ಬೇಡ ಗಂಗಕ್ಕ. ಲೆಕ್ಕ ಸರಿಮಾಡಿದರೆ ನಿಮ್ಮ ಹೊಸಿಲಿಗೆ ನೀರು ಮುಟ್ಟೋದಿಲ್ಲ. ನಾನೇ ಬರೆದುಕೊಡುತ್ತೇನೆ."

ಗಂಗೆ ತಲೆಯಾಡಿಸಿದಳು. ಮತ್ತೆ ಗಂಡನ ಬೆನ್ನಿಗೊಂದು ಗುದ್ದಿದಳು, ಇನ್ನೊಂದು ಗುದ್ದಿದಳು, ಅವನ ಹೆಗಲಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು.

"ಆ ತಾಯಿಗೆ ನೋವಾಗ್ತದೆ ಅಂತ ಗೊತ್ತಾತು ನಿಂಗೆ. ಮನೆ ಮುಳುಗ್ತದೆ ಅಂತ ಒಳಗೆ ನಾ ದಿನಾ ಅಳ್ತಿದ್ದದ್ದು ಗೊತ್ತಾಗ್ಲಿಲ್ವಾ?"

ಬೀರ ಅವಳ ಕಣ್ಣೊರೆಸಿ, ಎಮ್ಮೆ ತರಲು ಅವಳ ತವರಿನ ದಾರಿ ಹಿಡಿದ.