ಎಡಗೈ ಹೆಬ್ಬೆಟ್ಟು

ತೊಗರಿ ರಾಶಿ ಮುಗಿದು ಹೊಲಗಳಲ್ಲಿ ಬರೀ ಕೂಳೆ ಉಳಿದಿದ್ದ ಕಾಲ. 2025ರ ಫೆಬ್ರುವರಿ 10, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಹುಮನಾಬಾದ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಮಹೆಬೂಬ ಅವರು ಹಾಜರಿ ಪುಸ್ತಕ ಮುಚ್ಚುವಷ್ಟರಲ್ಲಿ ದುಬಲಗುಂಡಿಯ ಕಮಳಾಬಾಯಿ ಒಳಗೆ ಬಂದು, ಬೆಂಚಿನ ಮೇಲೆ ಕೂಡದೆ, ಒಂದು ಜೆರಾಕ್ಸ್ ಹಾಳೆಯನ್ನು ಮೇಜಿನ ಮೇಲೆ ಹರವಿದಳು. ಊರಾಚೆಯ ಬೇಳೆ ಮಿಲ್ಲಿನಲ್ಲಿ ಹನ್ನೊಂದು ವರ್ಷ ದುಡಿದವಳು, ಅಲ್ಲಿಯ ಕಾರ್ಮಿಕ ಸಂಘದ ಅಧ್ಯಕ್ಷೆ.

“ಸಾಹೇಬ್ರ, ಇದರಾಗ ನನ್ನ ಹೆಬ್ಬೆಟ್ಟು ಅದ ಅಂತಾರ. ನಾ ಒತ್ತಿಲ್ರಿ.”

“ಯಾರಂತಾರ?”

“ಎಲ್ಲಾರೂ ಅಂತಾರ. ಹಾಳಿ ಸೈತ ಹಂಗ ಅಂತದ.”

ಮಹೆಬೂಬ ಓದಿದರು. ಮಿಲ್ಲಿನ ತಕರಾರನ್ನು ಮಧ್ಯಸ್ಥನಿಗೆ ಒಪ್ಪಿಸುವ ಒಪ್ಪಂದ ಪತ್ರ, ಕೆಳಗೆ ಸಂಘದ ಪರವಾಗಿ ಕಮಳಾಬಾಯಿಯ ಹೆಬ್ಬೆಟ್ಟು. ಎಂಟು ತಾಸಿನ ಪಾಳಿ ಬೇಕೆಂದು ನವೆಂಬರಿನಲ್ಲಿ ಮಿಲ್ಲಿನವರು ಮುಷ್ಕರ ಹೂಡಿದ್ದರು. ಇಬ್ಬರಿಗೂ ಒಪ್ಪಿಗೆಯಾದ ಒಬ್ಬ ಮಧ್ಯಸ್ಥ ತೀರ್ಪು ಕೊಡಲಿ ಎಂದು ಮಾಲಕರು ಕೇಳಿದ್ದರು. ಕಮಳಾಬಾಯಿ ಒಪ್ಪಿರಲಿಲ್ಲ. ಮಧ್ಯಸ್ಥ ಹೇಳಿದ ಮೇಲೆ ಮುಗೀತು, ತಿರುಗಿ ಕೇಳಲು ಬರುವುದಿಲ್ಲ ಎಂಬುದೇ ಅವಳ ತಕರಾರು. ಡಿಸೆಂಬರಿನಲ್ಲಿ ಅಣ್ಣ ತೀರಿಕೊಂಡನೆಂದು ಅವಳು ಮುಡಬಿಗೆ ಹೋಗಿದ್ದಾಗ ಒಪ್ಪಂದವಾಗಿ ಕೆಲಸ ಶುರುವಾಗಿತ್ತು. ಕಮಿಟಿ ಮಾಡಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ಫೆಬ್ರುವರಿ 3ಕ್ಕೆ ತೀರ್ಪು ಬಂತು: ಎಂಟು ತಾಸಿನ ಪಾಳಿ ಮಂಜೂರು, ಇಪ್ಪತ್ತಾರು ಮಂದಿ ಕೆಲಸದಲ್ಲಿ ಉಳಿಯುವುದು, ಗೇಟಿಗೆ ಅಡ್ಡ ಕೂತ ಅಧ್ಯಕ್ಷೆಯನ್ನು ತೆಗೆಯುವುದು. ಕೇಳಲು ಹೋದರೆ, ನೀನೇ ಹೆಬ್ಬೆಟ್ಟು ಕೊಟ್ಟವಳು ಎಂದು ಈ ಹಾಳೆ ಕೈಗಿಟ್ಟಿದ್ದರು.

ಪಿಎಸ್ಐ ಪೂನಂ ಎಲ್ಲ ಕೇಳಿ ಒಂದು ಮಾತು ಎಚ್ಚರಿಸಿದರು. “ನೋಡಮ್ಮ, ಇದು ಖೊಟ್ಟಿ ಅಂತ ಆದ್ರ ತೀರ್ಪ ಬಿದ್ದು ಹೋಗಬಹುದು. ಎಂಟು ತಾಸಿನ ಪಾಳಿನೂ ಹೋಗಬಹುದು.”

“ಸಂಘ ಅದಲ್ರಿ. ಮತ್ತ ಕೂಡ್ತೇವಿ. ನಾ ಮಂದೀನ ಮಾರಿ ಬಂದಾಕಿ ಅಂತ ಆಗಬಾರ್ದು.”

11-40ಕ್ಕೆ ಎಫ್ಐಆರ್ ದಾಖಲಾಯಿತು. ಮೋಸದ ಉದ್ದೇಶದಿಂದ ಖೊಟ್ಟಿ ದಾಖಲೆ ಸೃಷ್ಟಿ, ಆರೋಪಿ ಅಪರಿಚಿತ.

ಮಧ್ಯಾಹ್ನ 1ಕ್ಕೆ ಮಿಲ್ಲು. ಅಸಲು ಪತ್ರ ಜಪ್ತಿಗೆ ಇಬ್ಬರು ಪಂಚರು ಬೇಕಿತ್ತು. ಗೇಟಿನೆದುರು ಚಹಾ ಮಾರುವ ಜೀಶಾನ್‌ನನ್ನು ಕರೆದರೆ ಅವನು ಕೈ ಮುಗಿದ.

“ಬ್ಯಾಡ್ರಿ ಸಾಹೇಬ್ರ. ಈ ಮಿಲ್ಲಿನಾಗ ಪಂಚ ಅಂದ್ರ ಹೆಂಗಸ್ರು ಕಲ್ಲು ಹುಡಕ್ತಾರ.”

“ಆ ತೀರ್ಪ ಕೊಡೊ ಪಂಚ ಬ್ಯಾರೆ, ಈ ಸಾಕ್ಷಿ ಪಂಚ ಬ್ಯಾರೆ. ಬಂದು ಸಹಿ ಹಾಕು.”

ಮ್ಯಾನೇಜರ್ ಗುರುಶಾಂತ ಪತ್ರ ತೆಗೆದುಕೊಟ್ಟ. ಮೊದಲು ಎಲ್ಲರ ಸಂಶಯ ಅವನ ಮೇಲೆಯೇ ಇತ್ತು.

“ಹೆಬ್ಬೆಟ್ಟು ಒತ್ತಿದ್ದು ಕಣ್ಣಾರೆ ನೋಡಿದ್ರ?” ಪೂನಂ ಕೇಳಿದರು.

“ಇಲ್ರಿ. ಸಹಿ ಆಗದ ಪತ್ರ ಸಂಘದ ಆಫೀಸಿಗೆ ಕಳಿಸಿದ್ವಿ. ಡಿಸೆಂಬರ್ 9, ಸಂಜಿ ನಾಕಕ್ಕ ತಿರುಗಿ ಬಂತು.”

“ಯಾರು ತಂದ್ರು?”

“ಕಾರ್ಯದರ್ಶಿ ಉತ್ತಮ.”

ಮಹೆಬೂಬ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆಟ್ಟಿನ ಬದಿಗೆ ಸಣ್ಣ ಅಕ್ಷರದಲ್ಲಿ ‘ಎ.ಹೆ.ಗು.’ ಎಂದಿತ್ತು. ಎಡಗೈ ಹೆಬ್ಬೆಟ್ಟಿನ ಗುರುತು.

“ಮೇಡಮ್ಮೋರ, ಹೆಣ್ಮಕ್ಕಳ ಹೆಬ್ಬೆಟ್ಟು ಬಲಗೈದು ತಗೋತಾರ್ರಿ. ಗಂಡಸರದು ಎಡಗೈದು. ಈ ಕಡಿ ಎಲ್ಲಾ ಆಫೀಸಿನ್ಯಾಗೂ ಅದ ರೂಢಿ.”

ಸಂಘದ ಆಫೀಸಿನಲ್ಲಿ ಹನ್ನೊಂದು ವರ್ಷದ ಸಭೆಯ ಪುಸ್ತಕಗಳನ್ನು ತಿರುವಿದರು. ಕಮಳಾಬಾಯಿಯ ಹೆಬ್ಬೆಟ್ಟು ಇದ್ದಲ್ಲೆಲ್ಲ ‘ಬ.ಹೆ.ಗು.’ ಬಲಗೈ. ಬರೆದ ಅಕ್ಷರ ಮಾತ್ರ ಪುಸ್ತಕಕ್ಕೂ ಪತ್ರಕ್ಕೂ ಒಂದೇ. ಅದು ಉತ್ತಮನದು. ಐವತ್ತೇಳರ ಆಳು, ಕಮಳಾಬಾಯಿಯ ಜೊತೆ ಸಂಘ ಕಟ್ಟಿದವನು.

“ಆಕಿ ನನ್ನ ಮುಂದನ ಒತ್ಯಾಳ್ರಿ,” ಎಂದ ಉತ್ತಮ.

“ಎಲ್ಲಿ?”

“ಇಲ್ಲೇ.”

“ಎಷ್ಟೊತ್ತಿಗೆ?”

“ಮಧ್ಯಾನ.”

ಮರುದಿನ 11ರಂದು ಮಹೆಬೂಬ ಬಸವಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಮುಡಬಿಗೆ ಆಟೊ ಹತ್ತಿದರು. ಡಿಸೆಂಬರ್ 9 ಕಮಳಾಬಾಯಿಯ ಅಣ್ಣನ ಪುಣ್ಯಾನುಮೋದನದ, ಅಂದರೆ ತೀರಿದವರ ಹೆಸರಿನಲ್ಲಿ ಬೌದ್ಧರು ಮಾಡುವ ಕಾರ್ಯದ ದಿನ. ಅಲ್ಲಿ ಬುದ್ಧ ವಂದನೆ ಹೇಳಿಸಿದ ಸಂಘರತ್ನನ ಮೊಬೈಲಿನಲ್ಲಿ ಫೋಟೊ ಇತ್ತು: ಮಧ್ಯಾಹ್ನ 1-20, ಬಿಳಿ ಸೀರೆಯಲ್ಲಿ ಕಮಳಾಬಾಯಿ ಮುಂದಿನ ಸಾಲಿನಲ್ಲಿ. 3-05ರ ಫೋಟೊದಲ್ಲಿ ಊಟಕ್ಕೆ ಬಡಿಸುತ್ತಿದ್ದಳು.

ಕಮಳಾಬಾಯಿ, ಉತ್ತಮ ಇಬ್ಬರ ಮಾದರಿ ಹೆಬ್ಬೆಟ್ಟು ಪಡೆದು ಬೀದರಿನ ಬೆರಳಚ್ಚು ಘಟಕಕ್ಕೆ ಕಳಿಸಲಾಯಿತು. 19ಕ್ಕೆ ವರದಿ ಬಂತು. ಪತ್ರದ ಮೇಲಿನದು ಉತ್ತಮನ ಎಡಗೈ. 20, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಮನೆಯಲ್ಲೇ ದಸ್ತಗಿರಿ. ಅವನು ಅಂಗಿ ಹಾಕಿಕೊಂಡೇ ಕೂತಿದ್ದ.

“ಹೆಬ್ಬೆಟ್ಟು ಖೊಟ್ಟಿ ಒತ್ತಿದಿ. ಬದಿಗೆ ಎಡಗೈ ಅಂತ ಖರೆ ಯಾಕ ಬರದಿ?” ಮಹೆಬೂಬರಿಗೆ ಇದೊಂದು ತಿಳಿಯದೆ ಉಳಿದಿತ್ತು.

“ರೂಢಿರಿ. ಯಾವ ಕೈ ಇಟ್ಟದ್ದೋ ಅದನ್ನ ಬರದುಬಿಟ್ಟೆ.”

“ಮಾಲಕರು ಏನರ ಕೊಟ್ರೇನು?”

“ಒಂದು ಕಪ್ ಚಹಾ ಸೈತ ಇಲ್ರಿ.”

ಒಳಗಿನ ಕೋಣೆಯಲ್ಲಿ ಅವನ ಹೆಂಡತಿ ಯಶೋದಾಬಾಯಿ ಮಲಗಿದ್ದಳು. ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆರಡು ಸಲ ಕಲಬುರಗಿಗೆ ಡಯಾಲಿಸಿಸ್‌ಗೆ ಹೋಗುವವಳು. ಅದು ನಡೆಯುತ್ತಿದ್ದದ್ದು ಗಂಡನ ಮಿಲ್ಲಿನ ಕೆಲಸದ ಇಎಸ್ಐ ವಿಮಾ ಕಾರ್ಡಿನ ಮೇಲೆ. ಮುಷ್ಕರ ಇನ್ನೂ ಎಳೆದರೆ ದುಡಿದ ದಿನ ಸಾಲದೆ ಕಾರ್ಡು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಎಲ್ಲರೂ ಗೇಟಿನೊಳಗೆ ಹೋಗುತ್ತಾರೆ, ಕಮಳಾಬಾಯಿಯೂ ಹೋಗುತ್ತಾಳೆ ಎಂದು ಅವನು ಲೆಕ್ಕ ಹಾಕಿದ್ದ. ಮಧ್ಯಸ್ಥ ಅವಳೊಬ್ಬಳನ್ನು ಹೊರಗಿಡುತ್ತಾನೆಂದು ತಿಳಿದಿರಲಿಲ್ಲ. ತಿಳಿದ ಮೇಲೂ ಹದಿನೇಳು ದಿನ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಕಮಳಾಬಾಯಿ ಲಾಕಪ್ಪಿನ ಮುಂದೆ ನಿಂತಳು.

“ಉತ್ತಮಣ್ಣ, ಯಶೋದಾ ವೈನಿ ಸಲುವಾಗಿ ಅಂತ ಯಾಕ ಹೇಳಲಿಲ್ಲ?”

“ನೀ ಒಪ್ಪತಿರ್ಲಿಲ್ಲ.”

“ಕೇಳಿದ್ದೇನು?”

ಉತ್ತಮ ಗೋಡೆಯ ಕಡೆ ಹೊರಳಿದ.

ಮಿಲ್ಲಿನ ವಕೀಲರು ಮರುವಾರವೇ ಕೋರ್ಟಿಗೆ ಹೋದರು. ಸಹಿಯೇ ಖೊಟ್ಟಿ ಎಂದರೆ ಒಪ್ಪಂದವಿಲ್ಲ, ಒಪ್ಪಂದವಿಲ್ಲವೆಂದರೆ ತೀರ್ಪಿಲ್ಲ ಎಂದರು. ಮಾರ್ಚ್ 3ಕ್ಕೆ ಗೇಟಿನ ಮೇಲೆ ನೋಟಿಸು ಬಿತ್ತು: ಕೋರ್ಟು ಹೇಳುವವರೆಗೆ ಮೊದಲಿನಂತೆ ಹನ್ನೆರಡು ತಾಸು, ಆಗದವರು ಬರಬೇಡಿ. ಎಲ್ಲರೂ ಕೆಲಸಕ್ಕೆ ಹೋದರು. ಸಂಘದ ಸಭೆ ಕರೆದರೆ ಕಮಳಾಬಾಯಿ ಒಬ್ಬಳೇ ಬಂದಳು. ಶೇರ್ ಆಟೊದಲ್ಲಿ ಅವಳ ಪಕ್ಕ ಕೂತವಳು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು.

“ಕಂಪ್ಲೇಂಟ್ ಕೊಟ್ಟಾಕಿ,” ಎಂದು ಇಳಿಯುವಾಗ ಅಂದಳಂತೆ.

ಮಹೆಬೂಬ ಸಾಕ್ಷಿ ಸಮನ್ಸು ಕೊಡಲು ದುಬಲಗುಂಡಿಗೆ ಹೋದಾಗ ಮನೆಗೆ ಬೀಗವಿತ್ತು. ಗಡಿಯಾಚೆ ಉಮರ್ಗಾ ಕಡೆ ಕೆಲಸ ಸಿಕ್ಕಿದೆಯಂತೆ ಎಂದು ಪಕ್ಕದ ಮನೆಯವರು ಹೇಳಿದರು. ಮಹೆಬೂಬ ಸಮನ್ಸಿನ ಹಿಂದೆ ಬರೆದುಕೊಂಡರು: ಸಾಕ್ಷಿದಾರಳು ಮಾರ್ಚ್ 7, ಶುಕ್ರವಾರ, ಊರು ಬಿಟ್ಟು ಹೋಗಿದ್ದಾಳೆ.