ಚಾಗವ್ವೆಯ ನಕ್ಷತ್ರ ಮತ್ತು ಹೊಸ ಕಣ್ಣುಗಾಜು

ಏಳು ಕೆರೆಗಳನ್ನು ದಾಟಿದರೆ ಬೆಳ್ಳಿಹಾಳು ಎಂಬ ರಾಜ್ಯ ಸಿಗುತ್ತಿತ್ತು. ಬಹಳ ಹಿಂದೆ, ಆ ರಾಜ್ಯದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಆಕಾಶದಲ್ಲಿ ಒಂದು ನಕ್ಷತ್ರವಿತ್ತು. ಮಗುವಿಗೆ ಇಟ್ಟ ಹೆಸರೇ ನಕ್ಷತ್ರಕ್ಕೂ ಹೆಸರು. ಅರಸನಿಗೆ ದೊಡ್ಡದು, ಅಗಸನಿಗೆ ಚಿಕ್ಕದು ಎಂಬ ಭೇದ ಅಲ್ಲಿರಲಿಲ್ಲ.

ರಾಜ್ಯದ ಉತ್ತರಕ್ಕೆ ಕರಿಯ ಬೆಟ್ಟವಿತ್ತು. ಅದರ ಮೇಲೆ ಮಸಿಯೊಡೆಯ ಎಂಬ ಮಾಂತ್ರಿಕನಿದ್ದ. ಅವನು ಹುಟ್ಟುಗುರುಡ. ಅಮಾವಾಸ್ಯೆಗೊಂದು ನಕ್ಷತ್ರವನ್ನು ಕಿತ್ತು, ಕತ್ತಲೆಯಿಂದ ಹೊಲಿದ ಚೀಲದಲ್ಲಿ ಹಾಕಿ, ಚೀಲವನ್ನು ಆಕಾಶದಲ್ಲಿಯೇ ಚೇಳೆಂಬ ನಕ್ಷತ್ರಗುಂಪಿನ ಬಾಲದ ಬಳಿ ನೇತುಹಾಕುತ್ತಿದ್ದ. ಕಿತ್ತ ಅಮಾವಾಸ್ಯೆಯೂ ಸೇರಿ ಮೂರನೆಯ ಅಮಾವಾಸ್ಯೆಯಂದು, ಬೆಳ್ಳಿ ಮೂಡುವ ಹೊತ್ತಿಗೆ, ಆ ನಕ್ಷತ್ರವನ್ನು ಅರೆದು ಕಾಡಿಗೆ ಮಾಡಿ ಹಚ್ಚಿಕೊಳ್ಳುತ್ತಿದ್ದ. ಆಗ ಅವನಿಗೆ ಕಣ್ಣು ಕಾಣುತ್ತಿತ್ತು.

ನಕ್ಷತ್ರ ಕಳೆದುಕೊಂಡವರು ಕಣ್ಣು ತೆರೆದುಕೊಂಡು ಕೂತಲ್ಲಿಯೇ ಕೂತಿರುತ್ತಿದ್ದರು. ಉಣ್ಣುತ್ತಿರಲಿಲ್ಲ, ಮಾತನಾಡುತ್ತಿರಲಿಲ್ಲ. ನಕ್ಷತ್ರವನ್ನು ಅರೆದ ಕ್ಷಣ ಅವರ ಉಸಿರು ನಿಲ್ಲುತ್ತಿತ್ತು. ಹೀಗೆ ಹನ್ನೊಂದು ಮನೆಗಳಿಂದ ಹೆಣ ಹೊರಬಿದ್ದಿತ್ತು.

ಹನ್ನೆರಡನೆಯ ಸರದಿ ದೂರದರ್ಶಕದ ಗಾಜು ಅರೆಯುವ ಚಾಗವ್ವೆಯದು.

ಚಾಗವ್ವೆಯಂಥ ಕಟ್ಟುನಿಟ್ಟಿನ ಹೆಂಗಸು ಆ ರಾಜ್ಯದಲ್ಲಿ ಇನ್ನೊಬ್ಬಳಿರಲಿಲ್ಲ. ಮಗ ಮಾದನಿಗೂ ಮಗಳು ಕೇತಲೆಗೂ ಅವಳು ಮೂರು ನಿಯಮಗಳನ್ನು ದಿನವೂ ಹೇಳುತ್ತಿದ್ದಳು. ಮನೆಯೊಳಗಿನಿಂದ ತಂದ ಗಾಜು ಹೊರಗಿನ ಗಾಳಿಗೆ ತಣಿಯುವ ತನಕ ಕಣ್ಣಿಡಬಾರದು. ಗಾಜು ಮಂಜಾದರೆ ಬಟ್ಟೆ ಮುಟ್ಟಿಸಬಾರದು. ಮಬ್ಬು ನಕ್ಷತ್ರವನ್ನು ನೆಟ್ಟನೆ ನೋಡಬಾರದು, ಅದರ ಪಕ್ಕಕ್ಕೆ ನೋಡಬೇಕು. ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದರು.

ಈಗ ಅವಳು ಹಿತ್ತಲಿನ ಬಾವಿಕಟ್ಟೆಯ ಮೇಲೆ ಕಲ್ಲಿನಂತೆ ಕೂತಿದ್ದಳು. ನಾಲ್ಕು ಜನ ಸೇರಿದರೂ ಅವಳನ್ನು ಎತ್ತಲಾಗಲಿಲ್ಲ. ಎದುರಿಗೆ ಅವಳದೇ ದೂರದರ್ಶಕ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು.

ಬಿಡುಗಡೆಗೆ ಒಂದೇ ದಾರಿ. ಚೀಲದೊಳಗಿನ ನಕ್ಷತ್ರವನ್ನು ಕಂಡು, ಅದರ ಹೆಸರು ಹಿಡಿದು ಕೂಗಿದರೆ ಅದು ಚೀಲವನ್ನು ಹರಿದುಕೊಂಡು ಬರುತ್ತಿತ್ತು. ಇಲ್ಲದ ನಕ್ಷತ್ರವನ್ನು ಕೂಗಿದವರ ಕಣ್ಣು ಹೋಗುತ್ತಿತ್ತು.

ಎರಡನೆಯ ಅಮಾವಾಸ್ಯೆಯಂದು ಮಾದ ಪ್ರಯತ್ನಿಸಿದ್ದ. ಕಣ್ಣಿಡುವ ತುದಿಯ ಗಾಜು ಮಂಜಾಯಿತು. ಅವನು ಉತ್ತರೀಯದ ತುದಿಯಿಂದ ಒರೆಸಿದ. ಬಟ್ಟೆಯಲ್ಲಿದ್ದ ಒಂದು ಮರಳಿನ ಕಣ ಗಾಜಿನ ಮೇಲೆ ಗೀರು ಎಳೆಯಿತು. ಗೀರು ಬೆಳ್ಳಗೆ ಹೊಳೆಯಿತು. ಅದನ್ನೇ ನಕ್ಷತ್ರವೆಂದು ತಿಳಿದು ಅವನು ತಾಯಿಯ ಹೆಸರು ಕೂಗಿದ. ಅವನ ಬಲಗಣ್ಣು ಸುಣ್ಣದಂತೆ ಬಿಳುಚಿಹೋಯಿತು. ಅವಸರವು ದುಃಖದಿಂದ ಹುಟ್ಟಿದರೂ ಅವಸರವೇ.

ಅಂದಿನಿಂದ ಕೇತಲೆ ಹೊಸ ಕಣ್ಣುಗಾಜನ್ನು ಅರೆಯಲು ಕೂತಳು. ಒಂದು ತಿಂಗಳು ಹಗಲೂ ಇರುಳೂ ಅರೆದಳು. ಮೂರನೆಯ ಅಮಾವಾಸ್ಯೆಯ ಸಂಜೆ ಗಾಜು ಮುಗಿಯಿತು. ಒರೆ ಹಚ್ಚಿ ನೋಡಲು ಇದ್ದದ್ದು ಅದೊಂದೇ ರಾತ್ರಿ.

ಅವಳು ಗಾಜನ್ನು ಕೊಳವೆಗೆ ತೊಡಿಸಿ ಕೈಕಟ್ಟಿ ನಿಂತಳು.

"ಏನೇ, ನೋಡುವುದಿಲ್ಲವೇನೆ?" ಎಂದ ಮಾದ.

"ತಣಿಯಬೇಕು, ಅಣ್ಣ."

"ಅವ್ವನೂ ತಣಿಯುತ್ತಿದ್ದಾಳೆ. ಕೈ ಮುಟ್ಟಿ ನೋಡು."

ಕೇತಲೆ ಮುಟ್ಟಿ ನೋಡಿದಳು. ತಾಯಿಯ ಬೆರಳು ಬಾವಿಯ ನೀರಿನಷ್ಟು ತಣ್ಣಗಿತ್ತು. ಆಗ ಬಾವಿಯ ರಾಟೆಯ ಮೇಲೆ ಒಂದು ಗೂಬೆ ಬಂದು ಕೂತಿತು. ಅದರ ಕಣ್ಣಿಗೆ ಕಾಡಿಗೆ ಇತ್ತು.

"ಈಗಲೇ ನೋಡು ಹುಡುಗಿ, ಈಗಲೇ ನೋಡು! ಚೇಳು ಇಳಿಯುತ್ತಿದೆ!" ಎಂದಿತು ಗೂಬೆ.

ಕೇತಲೆ ಕದಲಲಿಲ್ಲ. ಗಾಜು ತಣಿಯುವ ತನಕ ಗೂಬೆ ಕೂಗಿತು, ಆಮೇಲೆ ಹಾರಿಹೋಯಿತು.

ಕೇತಲೆ ಕಣ್ಣಿಟ್ಟಳು. ಚೇಳಿನ ಬಾಲ ಸ್ಪಷ್ಟವಾಗಿ ಕಂಡಿತು. ಅದರ ಪಕ್ಕದಲ್ಲಿ ಬರಿಯ ಕಪ್ಪು. ಅದೇ ಚೀಲ. ಸಂತೋಷದಲ್ಲಿ ಅವಳು ಉದ್ದನೆಯ ಉಸಿರು ಬಿಟ್ಟಳು. ಆ ಉಸಿರಿಗೆ ಗಾಜು ಮಂಜಾಯಿತು, ಎಲ್ಲವೂ ಅಳಿಸಿಹೋಯಿತು.

ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯ ತುಂಗಕ್ಕನ ದನಿ ಕೇಳಿತು. "ಅಯ್ಯೋ ನನ್ನವ್ವ, ಗಾಜು ಮಂಜಾಯಿತೇ? ತಗೋ, ನನ್ನ ಮದುವೆಯ ರೇಷ್ಮೆ ಇದು. ಬೆಣ್ಣೆಗಿಂತ ಮೆದು. ಒಂದು ಸಲ ಸವರಿಬಿಡು."

ಕೇತಲೆಯ ಕೈ ಆಗಲೇ ತನ್ನ ಸೆರಗಿನ ಮೇಲಿತ್ತು. ರೇಷ್ಮೆಗೆ ಕೈ ಚಾಚಬೇಕೆನ್ನುವಷ್ಟರಲ್ಲಿ ಮಾದ ನಕ್ಕ.

"ತುಂಗಕ್ಕ ಒಂದು ಹಿಡಿ ಉಪ್ಪು ಕೊಡಬೇಕಾದರೂ ಮೂರು ಸಲ ಯೋಚಿಸುತ್ತಾಳೆ. ಮದುವೆಯ ರೇಷ್ಮೆ ಕೊಡುತ್ತಾಳೆಯೇ? ದೀಪ ತಾ, ಅವಳ ಕಣ್ಣು ನೋಡೋಣ."

ದೀಪದ ಹೆಸರು ಕೇಳಿದೊಡನೆ ಬಾಗಿಲಲ್ಲಿದ್ದ ಆಕಾರ ಕರಿ ಬೆಕ್ಕಾಗಿ ಗೋಡೆ ಹಾರಿತು. ಕೇತಲೆ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖವನ್ನು ಹಿಂದಕ್ಕೆ ಸರಿಸಿ, ಬಾಯಿ ಮುಚ್ಚಿ ಕಾದಳು. ಮಂಜು ತಾನಾಗಿಯೇ ಕರಗಿತು.

ಮೂಡಲಲ್ಲಿ ಬೆಳ್ಳಿ ಮೂಡುವ ಮುನ್ನಿನ ಬೆಳಕು ತೆಳ್ಳಗೆ ಕಾಣತೊಡಗಿತ್ತು. ಅವಳು ಮತ್ತೆ ಕಣ್ಣಿಟ್ಟಳು. ಕಪ್ಪಿನೊಳಗೆ ಏನೂ ಇರಲಿಲ್ಲ. ಎಷ್ಟು ನೆಟ್ಟು ನೋಡಿದರೂ ಕಪ್ಪೇ.

ಆಗ ಕೊಳವೆಯೊಳಗಿನಿಂದ ತಾಯಿಯ ದನಿ ಬಂದಿತು. "ಕೇತೂ, ನನ್ನ ಬಂಗಾರ. ನಾನಿಲ್ಲಿದ್ದೇನೆ. ನೆಟ್ಟಗೆ ನನ್ನನ್ನೇ ನೋಡು ಮಗಳೇ. ಕಣ್ಣು ಕದಲಿಸಬೇಡ. ನಡುವೆ ಹೊಳೆಯುವುದೇ ನಾನು. ಕೂಗು."

ಕಪ್ಪಿನ ನಟ್ಟನಡುವೆ ಒಂದು ಚುಕ್ಕಿ ಥಳಥಳಿಸಿತು.

ಹುಟ್ಟಿದಂದಿನಿಂದ ತಾಯಿ ಕೇತಲೆಯನ್ನು ಬಂಗಾರ ಎಂದು ಕರೆದಿರಲಿಲ್ಲ. ಕರೆಯಲಿ ಎಂದು ಅವಳು ಎಷ್ಟೋ ಸಲ ಹಂಬಲಿಸಿದ್ದಳು. ಅದರಿಂದಲೇ ಅವಳಿಗೆ ಗೊತ್ತಾಯಿತು.

"ನೀನು ನಮ್ಮವ್ವನಲ್ಲ," ಎಂದಳು.

ಅವಳು ನೋಟವನ್ನು ಹೊಳೆಯುವ ಚುಕ್ಕಿಯಿಂದ ಕಿತ್ತು ಪಕ್ಕಕ್ಕೆ, ಏನೂ ಇಲ್ಲದ ಕತ್ತಲೆಗೆ ಹೊರಳಿಸಿದಳು. ಆಗ ಕಣ್ಣಂಚಿನಲ್ಲಿ, ಚೀಲದ ಮೂಲೆಯಲ್ಲಿ, ಬೂದಿ ಮುಚ್ಚಿದ ಕಿಡಿಯಂತೆ ಮೂರು ಮಬ್ಬು ನಕ್ಷತ್ರಗಳು ಕಂಡವು. ಎರಡು ನಡುಗುತ್ತಿದ್ದವು. ಒಂದು ನೆಟ್ಟಗೆ, ಅಲುಗದೆ, ಶಿಸ್ತಾಗಿ ನಿಂತಿತ್ತು.

"ಚಾಗವ್ವೇ!" ಎಂದು ಕೂಗಿದಳು ಕೇತಲೆ. ಹೆತ್ತವಳ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಚೀಲ ಹರಿಯಿತು. ಮೂರೂ ನಕ್ಷತ್ರಗಳು ಒಟ್ಟಿಗೆ ಹೊರಬಂದವು. ಅರೆಯಲೆಂದು ಚೀಲಕ್ಕೆ ಕೈಹಾಕಿ ನಿಂತಿದ್ದ ಮಸಿಯೊಡೆಯನ ಮುಖಕ್ಕೆ ಆ ಬೆಳಕು ಬಡಿಯಿತು. ಅವನ ಕಣ್ಣಿನ ಕಾಡಿಗೆ ಹೊತ್ತಿ ಉರಿಯಿತು. ಬೆಳಗಾಗುವಷ್ಟರಲ್ಲಿ ಕರಿಯ ಬೆಟ್ಟದ ಮೇಲೆ ಒಂದು ಹಿಡಿ ಮಸಿ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅದನ್ನೂ ಗಾಳಿ ಒಯ್ದಿತು.

ಚಾಗವ್ವೆಯ ನಂತರ ನಕ್ಷತ್ರ ಕಳೆದುಕೊಂಡಿದ್ದ ಇಬ್ಬರೂ ಎಚ್ಚೆತ್ತರು: ಊರಿನ ಆ ತುದಿಯಲ್ಲಿ ಕುಂಬಾರನ ಮಗ ಅನ್ನ ಕೇಳಿದ. ಅರಮನೆಯಲ್ಲಿ ಕಿರಿಯ ಸೊಸೆ ಎದ್ದು ಕೂತಳು. ಅರೆದುಹೋದ ಹನ್ನೊಂದು ನಕ್ಷತ್ರಗಳು ಮಾತ್ರ ಮರಳಲಿಲ್ಲ. ಆ ಹನ್ನೊಂದು ಜಾಗಗಳು ಆಕಾಶದಲ್ಲಿ ಹಾಗೆಯೇ ಕಪ್ಪಾಗಿ ಉಳಿದವು. ಆ ಮನೆಗಳವರು ಪ್ರತಿ ಸಂಜೆ ಹೊರಗೆ ಬಂದು ಅಲ್ಲಿಗೇ ನೋಡುತ್ತಿದ್ದರು. ಅವರಿಗೆ ಯಾರೂ ಸಮಾಧಾನ ಹೇಳಲಿಲ್ಲ, ಹೇಳಬಾರದೆಂದು ಎಲ್ಲರಿಗೂ ಗೊತ್ತಿತ್ತು.

ಮಾದನ ಬಲಗಣ್ಣೂ ಮರಳಲಿಲ್ಲ. "ಇರಲಿ ಬಿಡು," ಎಂದ ಅವನು. "ಕೊಳವೆಯಲ್ಲಿ ನೋಡುವಾಗ ಇನ್ನೊಂದು ಕಣ್ಣು ಮುಚ್ಚುವ ಕಷ್ಟ ತಪ್ಪಿತು." ಹೀಗೆಂದು ನಕ್ಕು, ಮುಖ ಆಚೆ ತಿರುಗಿಸಿಕೊಂಡ.

ಬಾವಿಕಟ್ಟೆಯ ಮೇಲೆ ಚಾಗವ್ವೆ ಕಣ್ಣು ಮಿಟುಕಿಸಿದಳು. ಮಗನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಅವನ ಬಿಳಿಗಣ್ಣಿನ ಮೇಲೆ ಒಂದು ಸಲ ಅಂಗೈ ಇಟ್ಟು ತೆಗೆದಳು. ಆಮೇಲೆ ಎದ್ದು, ದೂರದರ್ಶಕದ ಬಳಿ ಬಂದು, ಹೊಸ ಕಣ್ಣುಗಾಜನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಗೀರೂ ಇರಲಿಲ್ಲ.

"ಇದನ್ನು ಅರೆದವರು ಯಾರು?"

"ನಾನು, ಅವ್ವ."

"ನನ್ನ ಹೆಸರು ಹಿಡಿದು ಕೂಗಿದವರು ಯಾರು?"

"ಅದೂ ನಾನೇ, ಅವ್ವ."

"ಕೈ ತೋರಿಸು."

ಕೇತಲೆ ಕೈ ಚಾಚಿದಳು. ಉಗುರುಗಳ ತುಂಬ ಒಂದು ತಿಂಗಳು ಗಾಜು ಅರೆದ ಮರಳು. ಚಾಗವ್ವೆ ತಾನೇ ಬಾವಿಯಿಂದ ನೀರು ಸೇದಿದಳು. ತಾನೇ ಮಗಳ ಒಂದೊಂದು ಬೆರಳನ್ನೂ ತಿಕ್ಕಿ ತೊಳೆದಳು. ಗಾಜು ಒರೆಸಲು ಎಂದೂ ಬಿಚ್ಚದಿದ್ದ ತನ್ನ ಸೆರಗಿನಿಂದ ಆ ಕೈಗಳನ್ನು ಒರೆಸಿದಳು. ಅದಾದ ಮೇಲೆಯೇ ಅವರು ಮೂವರೂ ಉಂಡು, ಬೆಳ್ಳಿಹಾಳಿನಲ್ಲಿ ಬಹುಕಾಲ ನೆಮ್ಮದಿಯಿಂದ ಬಾಳಿದರು.