ಬೆನ್ನು ಬರೆದವನು

ಆರಿನ್ ಟ್ವೆರ್ಡಾಲ್ ತನ್ನ ಆಳಿನ ಹಾಸಿಗೆಯನ್ನು ಮಂಚದಿಂದ ಕಿತ್ತು ನೆಲಕ್ಕೆಸೆದ. ಪೆಟ್ಟಿಗೆ ಬೋರಲು ಹಾಕಿದ. ಮಂಚದ ಕೆಳಗಿದ್ದ ಬೂಟುಗಳನ್ನು ಒದ್ದ. ಕಳುವಾದ ಚಿತ್ರ ಅಲ್ಲಿರಲಿಲ್ಲ.

ಆಳು ಡೆಲ್ಮರ್ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತ ನಿಂತಿದ್ದ. "ನೆಲದ ಹಲಗೆ ಉಳಿದಿದೆ ಬಾಸ್. ಹಾರೆ ತಂದುಕೊಡ್ಲಾ?"

"ಬಾಯಿ ಮುಚ್ಚು. ಕೆಲಸದ ಮಧ್ಯೆ ಮನೆ ಕಡೆ ಬಂದೋನು ನೀನೊಬ್ಬನೇ."

"ಬಂಡಿ ಪಟ್ಟಿ ಹರಿದಿದೆ, ಬೇರೆ ತಗೊಂಡು ಬಾ ಅಂತ ಕಳಿಸಿದ್ದು ಯಾರು?"

ಆರ್ಡಿಸ್ ಕೋಲ್‌ಸ್ಟಾಡ್ ಇಬ್ಬರ ನಡುವೆ ಬಂದು ನಿಂತಳು. ಆ ಸೀಮೆಯ ದನಗಳ ಮೇಲಿನ ಒಡೆತನದ ಮುದ್ರೆ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಅವಳು. ಕಳುವಾದ ದನ ಹುಡುಕುವುದು ಅವಳ ಕೆಲಸ, ಚಿತ್ರವಲ್ಲ. ಆದರೆ ಪೊಲೀಸು ನೋಡಿಕೊಳ್ಳುವ ಶೆರಿಫ್ ಕಣಿವೆಯ ಆಚೆ ಹಿಮದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಪಕ್ಕದ ದನದ ರಾಂಚಿನವಳೆಂದು ಆರಿನ್ ಅವಳಿಗೇ ಫೋನ್ ಮಾಡಿದ್ದ.

"ಸಾಕು ಆರಿನ್," ಅಂದಳು. "ಹಸು ಕಳೆದ್ರೆ ನೀನು ಇದಕ್ಕಿಂತ ಚೆನ್ನಾಗಿ ಹುಡುಕ್ತೀಯ. ನಡಿ, ಶೆಡ್ ತೋರಿಸು."

ಚಿತ್ರ ಬರೆಯುವ ಶೆಡ್ಡು ಕುದುರೆ ಕೊಟ್ಟಿಗೆಗೆ ಅಂಟಿಕೊಂಡಿತ್ತು. ಗೋಡೆಯ ತುಂಬ ಈ ರಾಂಚೇ ಇತ್ತು: ಕರುಗಳಿಗೆ ಮುದ್ರೆ ಒತ್ತುವ ಬೆಂಕಿ, ಹಗ್ಗ ಎಸೆಯುವ ಸವಾರರು, ಹಿಮದಲ್ಲಿ ಹುಲ್ಲಿಗೆ ಕಾದ ದನ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಕುದುರೆಯ ಮೇಲೆ ಕೂತ ಒಬ್ಬ ಹೆಂಗಸು. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿನಿಂದಲೇ ಆರಿನ್‌ಗೆ ಹೆಸರು ಬಂದಿತ್ತು. ಅದು ಅವನನ್ನು ಬಿಟ್ಟು ಪಟ್ಟಣಕ್ಕೆ ಹೋದ ಹೆಂಡತಿ ವೆಸ್ಟಾಳ ಬೆನ್ನು ಎಂದು ಮಾಂಟಾನಾದ ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅವನ ಮುಂದೆ ಆ ಮಾತು ಆಡುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಅವನು ಮುಖ ಬರೆದಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡ ಮುಖ, ಹೆಗಲ ಮೇಲಿಂದ ತಿರುಗಿ ನೋಡುವುದು. ಈಗ ಆ ಚಿತ್ರವನ್ನು ನಿಲ್ಲಿಸಿದ್ದ ಸ್ಟ್ಯಾಂಡ್ ಬರಿದಾಗಿತ್ತು.

"ಇನ್ನೊಂದು ಬರೆಯೋಕಾಗಲ್ವಾ?"

ಆರಿನ್ ಬಲಗೈ ಮುಂದೆ ಚಾಚಿದ. ಬೆರಳುಗಳು ನಡುಗುತ್ತಿದ್ದವು. "ಅದನ್ನ ಮುಗಿಸಿದ್ದೇ ಹೆಚ್ಚು," ಅಂದ. "ಅದು ಹೋದ್ರೆ ಅವಳ ಮುಖ ನನ್ನ ಹತ್ರ ಎಲ್ಲೂ ಇಲ್ಲ ಆರ್ಡಿಸ್. ಅವಳ ನಿಜವಾದ ಫೋಟೋ ಒಂದೂ ಇಲ್ಲ. ಹೋಗ್ತಾ ಎಲ್ಲಾ ತಗೊಂಡು ಹೋದಳು."

ಆರ್ಡಿಸ್ ನೆಲ ನೋಡಿದಳು. ಒಲೆಯ ಪಕ್ಕದಲ್ಲಿ ತಗಡಿನ ಬಕೆಟ್ಟು ಉರುಳಿಬಿದ್ದಿತ್ತು. ಖಾಲಿ.

"ಬೂದಿ ಯಾರು ಚೆಲ್ಲಿದ್ದು?"

"ಬೂದಿ?" ಆರಿನ್ ಹುಬ್ಬು ಗಂಟಿಕ್ಕಿದ. "ಬೆಳಿಗ್ಗೆ ತುಂಬಿತ್ತು. ಡೆಲ್ಮರ್ ಚೆಲ್ಲಿರ್ತಾನೆ. ಬೂದಿ ವಿಷಯ ಈಗ ಯಾಕೆ?"

ಬೆಳಿಗ್ಗೆ ನಡೆದದ್ದು ಇಷ್ಟೇ. ಆರಿನ್ ಮತ್ತು ಡೆಲ್ಮರ್ ಎಂದಿನಂತೆ ಜಾರುಬಂಡಿ ಕಟ್ಟಿಕೊಂಡು ಕೆಳಗಿನ ಹುಲ್ಲುಗಾವಲಿನ ದನಗಳಿಗೆ ಒಣಹುಲ್ಲು ಹಾಕಲು ಹೋಗಿದ್ದರು. ಮನೆಯಲ್ಲಿ ಉಳಿದವನು ಹಿಂದಿನ ಸಂಜೆ ಡೆನ್ವರ್‌ನಿಂದ ಬಂದಿದ್ದ ಚಿತ್ರ ವ್ಯಾಪಾರಿ ಕ್ವಿನ್ಸಿ ವೇಲ್ ಒಬ್ಬನೇ. ಮಧ್ಯಾಹ್ನ ವಾಪಸಾದಾಗ ಚಿತ್ರ ಇರಲಿಲ್ಲ. ಅಂಗಳದಲ್ಲಿ ಹೆಜ್ಜೆಯನ್ನಾಗಲಿ ಚಕ್ರದ ಗುರುತನ್ನಾಗಲಿ ಗಾಳಿ ಉಳಿಸಿರಲಿಲ್ಲ.

ವೇಲ್ ಅಡುಗೆಮನೆಯಲ್ಲಿ ಎರಡು ಕೋಟು ಹಾಕಿಕೊಂಡು ಕೂತಿದ್ದ. ತಾನು ತಡವಾಗಿ ಎದ್ದೆ, ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ ಎಂದು ಎರಡು ಸಲ ಹೇಳಿದ.

"ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಇಬ್ಬರಿಗೂ ಜಗಳ ಆಯ್ತಂತೆ?" ಆರ್ಡಿಸ್ ಕೇಳಿದಳು.

ವೇಲ್ ಆರಿನ್‌ನ ಕಡೆ ನೋಡಿದ. ಆರಿನ್ ಬೇರೆ ಕಡೆ ನೋಡಿದ.

"ಮೊದಲು ಮಾರ್ತೀನಿ ಅಂದಿದ್ರು, ನಿನ್ನೆ ಕೊಡಲ್ಲ ಅಂದ್ರು," ವೇಲ್ ಹೇಳಿದ. "ಅಷ್ಟು ದೂರದಿಂದ ಬಂದ ಮೇಲೆ! ಈ ಚಿತ್ರ ಮಾರೋದಿಲ್ಲ ಅಂದ್ಬಿಟ್ರು."

"ಅಂದ್ರೆ ಬರಿಗೈಲಿ ವಾಪಸ್ ಹೋಗಬೇಕಿತ್ತು ನೀವು."

"ನನ್ನ ಕಾರಲ್ಲಿ ಹುಡುಕಿ ಬೇಕಾದ್ರೆ."

ಆರ್ಡಿಸ್ ಆಗಲೇ ನೋಡಿದ್ದಳು. ಕಾರು ಬಾಗಿಲವರೆಗೆ ಹಿಮದಲ್ಲಿ ಹೂತಿತ್ತು. ಬೆಳಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮನೆಯನ್ನು ಆರಿನ್ ಮೊದಲೇ ಜಾಲಾಡಿದ್ದ.

"ಈ ಚಿತ್ರ ಇದೆ ಅಂತ ಇನ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ."

"ದಾರಿಯಲ್ಲಿ ಎಲ್ಲಿ ನಿಲ್ಲಿಸಿದ್ರಿ?"

ಪಟ್ಟಣದ ಕೆಫೆಯಲ್ಲಿ ಹಣ್ಣು ತುಂಬಿದ ಪೈ ತಿಂದೆನೆಂದು ವೇಲ್ ಒಪ್ಪಿಕೊಂಡ. ಆರಿನ್ ಕಳಿಸಿದ್ದ ಚಿತ್ರದ ಫೋಟೋವನ್ನು ಅಲ್ಲಿ ತೋರಿಸಿದ್ದ. ಹೆಂಗಸು ಕೊನೆಗೂ ಮುಖ ತಿರುಗಿಸಿದ್ದಾಳೆ, ನಾಳೆ ನನ್ನ ಜೊತೆ ಡೆನ್ವರ್‌ಗೆ ಬರುತ್ತಾಳೆ ಎಂದು ನಗೆಯಾಡಿದ್ದ. ಕೌಂಟರಿನಲ್ಲಿದ್ದ ಎಲ್ಲರೂ ಫೋಟೋ ನೋಡಿದ್ದರು. ಅಡುಗೆಮನೆಯ ಕಿಂಡಿಯಿಂದಲೂ ಯಾರೋ ಕೈ ಚಾಚಿ ಪಡೆದು, ಮಾತಿಲ್ಲದೆ ಹಿಂದಕ್ಕೆ ಕೊಟ್ಟಿದ್ದರು.

ಆರ್ಡಿಸ್‌ಗೆ ಅಷ್ಟು ಸಾಕಿತ್ತು. ಹೊರಗೆ ಹೋದಳು.

ಕೊಟ್ಟಿಗೆಯ ಮರೆಯಲ್ಲಿ ಗಾಳಿ ಇರಲಿಲ್ಲ. ನೀರಿನ ತೊಟ್ಟಿಯ ಸುತ್ತ ಚೆಲ್ಲಿದ ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ಆ ಗಾಜಿನ ಮೇಲೆ, ಕೊಟ್ಟಿಗೆಯ ಬಾಗಿಲಿನಿಂದ ತೊಟ್ಟಿಯವರೆಗೆ, ಗೊರಸು ಜಾರದಂತೆ ಹಾಕಿದ ಬೂದಿಯ ಹಾದಿ. ಒಂದು ಕುದುರೆ ನಡೆಯುವಷ್ಟು ಅಗಲ. ಜುನಿಪರ್ ಎಂಬ ಮುದಿ ಹೆಣ್ಣುಕುದುರೆ ಅದರ ಮೇಲೆ ನಿಂತು ನೀರು ಕುಡಿಯುತ್ತಿತ್ತು.

"ಇದು ನಿನ್ನ ಕೆಲಸಾನಾ?" ಡೆಲ್ಮರ್‌ನನ್ನು ಕೇಳಿದಳು.

"ನಾನು ಕೊಡಲೀಲಿ ಮಂಜು ಒಡೀತೀನಿ ಅಷ್ಟೇ. ಆ ಶೆಡ್ಡೊಳಗೆ ಕಾಲಿಡಲ್ಲ ಮೇಡಂ, ಬಣ್ಣದ ವಾಸನೆಗೆ ಸೀನು ಬರುತ್ತೆ." ಅವನು ಹಾದಿಯನ್ನು ಮತ್ತೆ ನೋಡಿದ. "ಚೆನ್ನಾಗಿ ಹಾಕಿದಾರೆ ಯಾರೋ."

ಆರ್ಡಿಸ್ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಳು. ಈಗ ಎಲ್ಲಾ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು: ಭಾನುವಾರ ತಾನು ಬರುವುದು, ಶೆಡ್ಡಿನಲ್ಲಿ ಕೂತು ಕಾಫಿ ಕುಡಿಯುವುದು, ಅವನು ಬರೆಯುವುದನ್ನು ನೋಡುವುದು, ಆ ಬೆನ್ನು ತನ್ನದಾಗಿದ್ದರೆ ಎಂದುಕೊಳ್ಳುವುದು. ಆದರೆ ಆಪಾದನೆ ಡೆಲ್ಮರ್‌ನ ತಲೆಯ ಮೇಲೆ ಉಳಿಯುತ್ತಿತ್ತು. ಮತ್ತೆ ಆರಿನ್ ಆ ಖಾಲಿ ಸ್ಟ್ಯಾಂಡನ್ನು ನೋಡುತ್ತ ಕೂರುತ್ತಿದ್ದ.

ಒಳಗೆ ಬಂದು ಆರಿನ್‌ಗೆ ಹೇಳಿದಳು. "ಕೋಟು ಹಾಕ್ಕೋ. ಡೆಲ್ಮರ್‌ಗೆ ಅವನ ಹಾಸಿಗೆ ಎತ್ತಿಟ್ಟುಕೊಡು ಮೊದಲು."

ಎಲ್ಲಿಗೆ ಎಂದು ಆರಿನ್ ದಾರಿಯುದ್ದಕ್ಕೂ ಕೇಳಿದ. ಕೆಫೆಯ ಹಿಂಬದಿಗೆ ಅವಳು ಪಿಕಪ್ ತಿರುಗಿಸಿದಾಗ ಅವನಿಗೇ ಗೊತ್ತಾಯಿತು.

ಅಡುಗೆಮನೆಯ ಬಾಗಿಲು ತೆರೆದವಳು ವೆಸ್ಟಾ. ಮೊಣಕೈಯವರೆಗೆ ಹಿಟ್ಟು, ಕೂದಲು ಪೂರ್ತಿ ಬೆಳ್ಳಗೆ. ಪಟ್ಟಣಕ್ಕೆ ಬಂದಾಗಿನಿಂದ ಅವಳು ಇಲ್ಲಿ ಪೈ ಬೇಯಿಸುತ್ತಿದ್ದಳು. ಆರಿನ್ ಈ ಬೀದಿಗೆ ಬರುವುದನ್ನೇ ಬಿಟ್ಟಿದ್ದ.  ಮೊದಲು ಮಾತಾಡಿದವಳು ಆರ್ಡಿಸ್.

"ಕದಿಯೋಕೆ ಬಂದೋರು ಚಿತ್ರ ಎತ್ತಿಕೊಂಡು ತಕ್ಷಣ ಹೋಗಬೇಕು. ಇವರು ಹೋಗಲಿಲ್ಲ. ಒಲೆ ಪಕ್ಕದ ಬಕೆಟ್ ತಗೊಂಡು ಹೋಗಿ, ಮಂಜುಗಡ್ಡೆ ಮೇಲೆ ಬೂದಿ ಹಾಕಿದ್ರು. ವೇಲ್‌ಗೆ ಅದೆಲ್ಲ ಗೊತ್ತಿಲ್ಲ. ಡೆಲ್ಮರ್ ಆ ಶೆಡ್ಡೊಳಗೆ ಕಾಲಿಡಲ್ಲ. ಪಟ್ಟಣದಲ್ಲಿ ಜಾಗ ಇಲ್ಲ ಅಂತ ಜುನಿಪರ್‌ನ ಅಲ್ಲೇ ಬಿಟ್ಟು ಬಂದೋಳು ನೀನು, ವೆಸ್ಟಾ. ನಿನ್ನೆ ಕಿಂಡಿಯಿಂದ ಕೈ ಚಾಚಿ ಆ ಫೋಟೋ ನೋಡಿದವಳೂ ನೀನೇ."

ವೆಸ್ಟಾ ಕೈ ಒರೆಸಿಕೊಂಡಳು. "ಮುಂಗಾಲು ಜಾರಿ ಮಂಡಿಯೂರಿತ್ತು ಅದು. ಏಳೋಕೆ ಒದ್ದಾಡ್ತಿತ್ತು. ನೋಡ್ಕೊಂಡು ಹೇಗೆ ಬರಲಿ?"

ಹಿಟ್ಟಿನ ಮೂಟೆಗಳ ಹಿಂದಿನಿಂದ ಬಟ್ಟೆ ಸುತ್ತಿದ ಚಿತ್ರವನ್ನು ತಂದು ಮೇಜಿನ ಮೇಲಿಟ್ಟಳು.

"ಕೇಳಿದ್ರೆ ಕೊಡ್ತಿದ್ದೆ," ಆರಿನ್ ಅಂದ.

"ನನ್ನ ಬೆನ್ನನ್ನ ಒಂದೊಂದಾಗಿ ಮಾರೋವಾಗ ನೀನು ನನ್ನನ್ನ ಕೇಳಿದ್ಯಾ? ಮುಖನೂ ಯಾವನದೋ ಮನೆ ಗೋಡೆ ಮೇಲೆ ನೇತಾಡೋದು ಬೇಡ ಅನ್ನಿಸ್ತು."

"ಅದನ್ನ ಮಾರಲ್ಲ ಅಂತ ನಿನ್ನೆನೇ ಹೇಳಿದ್ದೆ."

ವೆಸ್ಟಾ ಆರ್ಡಿಸ್‌ಳ ಕಡೆ ತಿರುಗಿದಳು. ಇಬ್ಬರನ್ನೂ ದೂರವೇ ಇಡಲು ಒಂದು ಸುಳ್ಳು ಸಾಕಿತ್ತು. 

"ನಿಜ," ಆರ್ಡಿಸ್ ಅಂದಳು. "ವೇಲೇ ಒಪ್ಪಿಕೊಂಡ."

ವೆಸ್ಟಾ ಬಟ್ಟೆ ಸರಿಸಿ ಚಿತ್ರವನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ತುಟಿ ಸಡಿಲವಾಯಿತು. "ಚೆನ್ನಾಗಿದೆ," ಅಂದಳು. "ಆದ್ರೆ ಇದು ಆಗಿನ ಮುಖ ಆರಿನ್. ಆಮೇಲಿನದು ನಿನಗೆ ಗೊತ್ತಿಲ್ಲ."

"ತೋರಿಸು. ಕೈ ನಡುಗಿದ್ರೆ ನಡುಗಲಿ, ಬರೆಯದಿದ್ರೂ ಆಯ್ತು. ನೋಡ್ತೀನಿ ಅಷ್ಟೇ." ಅವನು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮನೆಗೆ ಬಾ ವೆಸ್ಟಾ. ಚಿತ್ರನೂ ತಗೊಂಡು ಬಾ. ನೀನು ಹೇಳಿದ ಕಡೆ ತೂಗಿಹಾಕ್ತೀನಿ."

ವೆಸ್ಟಾ ಚಿತ್ರಕ್ಕೆ ಮತ್ತೆ ಬಟ್ಟೆ ಸುತ್ತಿ ಅವನ ಕೈಗಿಟ್ಟಳು.

"ಇಲ್ಲ," ಅಂದಳು. "ಇದು ನಿನ್ನ ಹತ್ರ ಇರಲಿ. ನಾನು ಬರಲ್ಲ."